ಒಂದೇ ಊರು, ಸಾಕಾಗುವಷ್ಟು ದಿನ

ಆತ್ಮೀಯರೇ,

"ಅಕ್ಟೋಬರ್ ರಜೆಗೆ ಲಾ ಮೊರ್ರಾಗೆ ಹೋಗಿ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೀರಂತೆ. ನಾವು ವೈನ್ ಮುಟ್ಟುವವರಲ್ಲ, ನಮ್ಮ ಮನೆಯವರಿಗೆ ಮೊಟ್ಟೆಯೂ ಆಗುವುದಿಲ್ಲ. ದ್ರಾಕ್ಷಿತೋಟದ ಊರಿನಲ್ಲಿ ನಮಗೇನು ಕೆಲಸ?" ಎಂದು ಸ್ವಿಟ್ಜರ್ಲೆಂಡಿನ ನಮ್ಮ ಕನ್ನಡ ಸಂಘದ ಹಿರಿಯ ಸದಸ್ಯೆಯೊಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಸಿಬೇಳೆಬಾತಿನ ಸರದಿಯಲ್ಲಿ ನಿಂತು ಉತ್ತರಿಸುವಂಥದ್ದಲ್ಲವಾದ್ದರಿಂದ ಈ ಸಂಚಿಕೆಯ ಮೊದಲ ಪುಟವನ್ನು ಅದಕ್ಕೇ ಕೊಡುತ್ತಿದ್ದೇನೆ.

ಲಾ ಮೊರ್ರಾ ಇರುವುದು ಇಟಲಿಯ ವಾಯವ್ಯದಲ್ಲಿ, ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಎಂಬ ಗುಡ್ಡಗಳ ಸೀಮೆಯಲ್ಲಿ. ಊರಿನಲ್ಲಿ ಮೂರು ಸಾವಿರ ಜನರೂ ಇಲ್ಲ. ನೆತ್ತಿಯ ಮೇಲೊಂದು ಚೌಕ, ಅದರ ಪಕ್ಕ ಇಟ್ಟಿಗೆಯ ಗಂಟೆಗೋಪುರ. ಚೌಕದ ಕಟ್ಟೆಯ ಬಳಿ ನಿಂತರೆ ಕೆಳಗೆ ಬರೋಲೊ, ಕಾಸ್ತಿಲ್ಯೋನೆ ಫಲ್ಲೆತ್ತೊ, ಸೆರ್ರಲುಂಗಾ ಊರುಗಳು ತಂತಮ್ಮ ಕೋಟೆಗಳೊಂದಿಗೆ ಕಾಣುತ್ತವೆ. ಆಕಾಶ ತಿಳಿಯಾಗಿದ್ದ ದಿನ ಪಶ್ಚಿಮಕ್ಕೆ 3,841 ಮೀಟರ್ ಎತ್ತರದ ಮೊನ್ವಿಸೊ ಶಿಖರವೂ ಕಾಣುತ್ತದೆ. 2014ರಲ್ಲಿ ಯುನೆಸ್ಕೊ ಈ ದ್ರಾಕ್ಷಿತೋಟಗಳ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. "ನೋಡುವುದು" ಎಂದರೆ ಇಷ್ಟೇ ಎಂದುಕೊಂಡರೆ ಒಂದು ಗಂಟೆಯಲ್ಲಿ ಲಾ ಮೊರ್ರಾ ಮುಗಿಯುತ್ತದೆ.

ನಮ್ಮವರ ಇಟಲಿ ಪ್ರವಾಸ ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೂರಿಕ್‌ನಲ್ಲಿ ರೈಲು ಹತ್ತಿ, ಗೊಟ್ಹಾರ್ಡ್‌ನ 57 ಕಿ.ಮೀ. ಸುರಂಗ ದಾಟಿ ಮಿಲಾನ್‌ನಲ್ಲಿ ಇಳಿದರೆ ಕಾಲಿಗೆ ಚಕ್ರ ಕಟ್ಟಿದಂತೆಯೇ. ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್. ವಾಲಿದ ಗೋಪುರವನ್ನು ಅಂಗೈಯಿಂದ ಎತ್ತಿ ಹಿಡಿದ ಫೋಟೊ. ಬೆಳಿಗ್ಗೆ ಬಂದು ಸಂಜೆ ಹೊರಡುವವರ ಕಾಟ ತಾಳಲಾರದೆ ವೆನಿಸ್ ನಗರ 2024ರಿಂದ ದಟ್ಟಣೆಯ ದಿನಗಳಲ್ಲಿ ಅಂಥವರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ವೆನಿಸ್‌ನವರನ್ನು ದೂರುವುದು ಕಷ್ಟ.

ಲಾ ಮೊರ್ರಾದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ದಿನಸಿ ಅಂಗಡಿಯ ಶಟರ್ ಬೀಳುತ್ತದೆ. ಮತ್ತೆ ತೆರೆಯುವುದು ಮೂರೂವರೆಗೆ, ಕೆಲವೊಮ್ಮೆ ಇನ್ನೂ ತಡವಾಗಿ. ಮಧ್ಯಾಹ್ನದ ಊಟ ಎರಡು ಗಂಟೆಯೊಳಗೆ ಮುಗಿಯಬೇಕು, ರಾತ್ರಿ ಏಳೂವರೆಗೆ ಮೊದಲು ಯಾವ ಅಡುಗೆಮನೆಯೂ ಒಲೆ ಹಚ್ಚುವುದಿಲ್ಲ. ಮಕ್ಕಳಿಗೆ ಆರೂವರೆಗೇ ಹಸಿವಾದರೆ ಅದು ನಿಮ್ಮ ಪಾಡು. ಸ್ವಿಟ್ಜರ್ಲೆಂಡಿಗೆ ಬಂದು ನೆಲೆಸಿದ ಮೇಲೆ ನಮಗೆ ಗಡಿಯಾರದ ಶಿಸ್ತು ಅಂಟಿಕೊಂಡಿದೆ. ಆದರೆ ಅಲ್ಲಿಯ ಶಿಸ್ತೂ ಕಡಿಮೆಯದಲ್ಲ, ಲೆಕ್ಕ ಬೇರೆ ಅಷ್ಟೆ. ಅದಕ್ಕೆ ಒಗ್ಗಿಕೊಳ್ಳಲು ಎರಡು ಮೂರು ದಿನ ಹಿಡಿಯುತ್ತದೆ, ಪ್ರವಾಸ ಶುರುವಾಗುವುದು ಆಮೇಲೆ. ನಿಧಾನ ಪ್ರವಾಸವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂಬ ತಿಳಿವಳಿಕೆ ನನಗೆ ಒಪ್ಪಿಗೆಯಿಲ್ಲ. ಆ ಊರಿನಲ್ಲಿ ಕೈಕಟ್ಟಿ ಕುಳಿತವರನ್ನು ನಾನು ಕಾಣಲಿಲ್ಲ. ಅವರ ನಿಧಾನಕ್ಕೆ ಬೆಳೆಯೇ ಕಾರಣ.

ಬೆಳೆಯ ಕಥೆ ಹೀಗಿದೆ. ಸೆಪ್ಟೆಂಬರಿನಲ್ಲಿ ಮೊದಲು ದೊಲ್ಚೆತ್ತೊ ತಳಿಯ ಕೊಯ್ಲು, ಆಮೇಲೆ ಬಾರ್ಬೆರಾ. ಬರೋಲೊ ವೈನ್ ಆಗುವ ನೆಬ್ಬಿಯೋಲೊ ವಸಂತದಲ್ಲಿ ಎಲ್ಲರಿಗಿಂತ ಮುಂಚೆ ಚಿಗುರಿ ಎಲ್ಲರಿಗಿಂತ ತಡವಾಗಿ ಮಾಗುವ ಹಣ್ಣು. ಅದು ಬಹುಮಟ್ಟಿಗೆ ಅಕ್ಟೋಬರಿನ ಬೆಳೆ. ನಾವು ಉಳಿದುಕೊಂಡಿದ್ದ ಮನೆಯ ಯಜಮಾನರು ದಿನಾ ಸಂಜೆ ತೋಟಕ್ಕಿಳಿದು, ಒಂದೊಂದು ಸಾಲಿನಲ್ಲಿ ಒಂದೆರಡು ಹಣ್ಣು ಬಾಯಿಗೆ ಹಾಕಿಕೊಂಡು, ಸಿಪ್ಪೆ ಉಗಿದು ಬೀಜವನ್ನು ಕಚ್ಚಿ ನೋಡುತ್ತಿದ್ದರು. ಬೀಜ ಹಸಿರಾಗಿದ್ದರೆ ಬಾಯಿ ಒಗರು. ಕಂದು ತಿರುಗಿ ಕಟುಂ ಎಂದರೆ ಕೊಯ್ಲಿಗೆ ಆಳುಗಳನ್ನು ಕರೆಯುವ ಹೊತ್ತು. ಪ್ರಯೋಗಾಲಯದಲ್ಲಿ ಸಕ್ಕರೆ, ಆಮ್ಲ ಅಳೆದ ಚೀಟಿ ಅವರ ಜೇಬಿನಲ್ಲೇ ಇರುತ್ತಿತ್ತು. ಆದರೂ ಕೊನೆಯ ಮಾತು ಹಲ್ಲಿನದು. ನನ್ನ ಮಗಳು ಎರಡನೆಯ ಸಂಜೆಯಿಂದ ಅವರ ಬಾಲ ಹಿಡಿದು ಬೀಜ ಕಚ್ಚತೊಡಗಿದಳು. ಒಂದೇ ಒಂದು ಹಗಲು ಇದ್ದು ಹೋಗುವವರಿಗೆ ಈ ಕೆಲಸ ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ನಿನ್ನೆಯ ಬೀಜ ಗೊತ್ತಿದ್ದರೆ ಮಾತ್ರ ಇಂದಿನದಕ್ಕೆ ಅರ್ಥ.

ಹಣ್ಣು ಕಿತ್ತ ಮೇಲೂ ಅವಸರವಿಲ್ಲ. ಬರೋಲೊ ಎಂಬ ಹೆಸರಿನಲ್ಲಿ ಮಾರಬೇಕಾದರೆ ವೈನ್ ಕನಿಷ್ಠ 38 ತಿಂಗಳು ಹಳೆಯದಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು. ರಿಸೆರ್ವಾ ಎನ್ನಿಸಿಕೊಳ್ಳಲು 62 ತಿಂಗಳು. ಇದು ಕಾನೂನು. ಈ ವೈನ್ ಮಾಡಲು 11 ಊರುಗಳಿಗಷ್ಟೇ ಹಕ್ಕು. ಯಾವ ಇಳಿಜಾರಿನ ಹಣ್ಣು ಎಂಬುದನ್ನೂ ಬಾಟಲಿಯ ಮೇಲೆ ಬರೆಯುವ ಅವಕಾಶವಿದೆ. ಲಾ ಮೊರ್ರಾ ಕಡೆಯ ಮಣ್ಣಿನ ವೈನ್ ಮೆದು, ಬೇಗ ಹದಕ್ಕೆ ಬರುತ್ತದೆ. ಎದುರು ಗುಡ್ಡದ ಸೆರ್ರಲುಂಗಾದ್ದು ಬಿಗಿ, ವರ್ಷಗಟ್ಟಲೆ ಕಾಯಿಸುತ್ತದೆ ಎಂದು ಊರಿನವರು ವಾದಕ್ಕೆ ಕೂರುತ್ತಾರೆ. ಗ್ಲಾಸು ಮುಟ್ಟದವರೂ ಈ ವಾದವನ್ನು ಕೇಳಬಹುದು, ಸಂಗೀತ ಕಛೇರಿಗಿಂತ ಹೆಚ್ಚು ಹೊತ್ತು ನಡೆಯುತ್ತದೆ.

ನಡೆಯುವವರಿಗೆ ಒಂದು ದಾರಿ ಹೇಳುತ್ತೇನೆ. ಲಾ ಮೊರ್ರಾದಿಂದ ತೋಟಗಳ ನಡುವೆ ಇಳಿದು ಬರೋಲೊಗೆ ಹೋಗುವ ಹಾದಿಯಲ್ಲಿ ಬ್ರುನಾತೆ ಎಂಬ ಇಳಿಜಾರು ಸಿಗುತ್ತದೆ. ಅಲ್ಲೊಂದು ಪುಟ್ಟ ಪ್ರಾರ್ಥನಾ ಮಂದಿರ. ಕೆಲಸದವರು ಮಳೆಗೆ ಆಸರೆ ಪಡೆಯಲೆಂದು 1914ರಲ್ಲಿ ಕಟ್ಟಿದ್ದು, ಅದರಲ್ಲಿ ಎಂದೂ ಪೂಜೆ ನಡೆದಿಲ್ಲ. ಪಾಳುಬಿದ್ದಿದ್ದ ಅದಕ್ಕೆ 1999ರಲ್ಲಿ ಕಲಾವಿದರಾದ ಸೋಲ್ ಲೆವಿಟ್ ಹೊರಗಿನಿಂದಲೂ ಡೇವಿಡ್ ಟ್ರೆಮ್ಲೆಟ್ ಒಳಗಿನಿಂದಲೂ ಬಣ್ಣ ತುಂಬಿದರು. ಹೊರಗೆ ಕೆಂಪು, ಹಳದಿ, ನೀಲಿಯ ಪಟ್ಟೆಗಳ ಅಬ್ಬರ, ಒಳಗೆ ಮಣ್ಣಿನ ಬಣ್ಣಗಳ ತಂಪು. ನನಗೆ ಒಳಗಿನದೇ ಇಷ್ಟವಾಯಿತು. ಬರೋಲೊದ ಕೋಟೆಯಲ್ಲಿರುವ ವೈನ್ ವಸ್ತುಸಂಗ್ರಹಾಲಯ ಮಕ್ಕಳಿಗೆ ರುಚಿಸಬಹುದು, ನನಗೆ ದೀಪಗಳ ಆಟ ಹೆಚ್ಚಾಯಿತು ಅನ್ನಿಸಿತು.

ಇನ್ನು ಊಟ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ತಾಯಾರಿನ್ ಎಂಬ ಕೂದಲೆಳೆಯ ಶಾವಿಗೆ ಮೊಟ್ಟೆಯ ಹಳದಿಯ ಮೇಲೇ ನಿಂತಿದೆ, ಒಂದು ಕಿಲೋ ಹಿಟ್ಟಿಗೆ ಮೂವತ್ತು ಹಳದಿ ಹಾಕುವವರಿದ್ದಾರೆ. ಪ್ಲಿನ್ ಎಂಬ ಚಿವುಟಿದ ಕಡುಬಿನಲ್ಲಿ ಮಾಂಸ. ಬಾಞಾ ಕಾವ್ದಾ ಎಂದರೆ ಸುತ್ತ ಹಸಿ ತರಕಾರಿ, ನಡುವೆ ಬಿಸಿ ಎಣ್ಣೆಯ ಬಟ್ಟಲು. ನೋಡಿದ ಕೂಡಲೇ ನಮ್ಮವರ ಮುಖ ಅರಳುತ್ತದೆ, ಆದರೆ ಆ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಜೊತೆ ಉಪ್ಪಿನಲ್ಲಿಟ್ಟ ಆಂಚೊವಿ ಮೀನು ಕರಗಿದೆ. ಸಾಂಪ್ರದಾಯಿಕ ಚೀಸ್‌ಗಳಿಗೆ ಹೆಪ್ಪು ಹಾಕುವುದು ಬಹುತೇಕ ಕರುವಿನ ಜಠರದ ರೆನೆಟ್‌ನಿಂದ. ಉಳಿಯುವುದೇನು? ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ, ಸುಟ್ಟ ದೊಣ್ಣೆಮೆಣಸಿನಕಾಯಿ, ಅಡುಗೆಮನೆಯಿರುವ ಬಾಡಿಗೆ ಮನೆಯಲ್ಲಿ ನೀವೇ ಮಾಡಿಕೊಳ್ಳುವ ಸಾರು. ಮತ್ತು ಕೊಞಾ. ಕೊಯ್ಲಿನ ದಿನಗಳಲ್ಲಿ ಹಿಂಡಿದ ಹಸಿ ದ್ರಾಕ್ಷಿರಸವನ್ನು ಇಡೀ ದಿನ ಸಣ್ಣ ಉರಿಯಲ್ಲಿ ಕುದಿಸಿ, ಪಿಯರ್ ಹಣ್ಣು, ಕ್ವಿನ್ಸ್, ಅಂಜೂರ, ಬೀಜಗಳನ್ನು ಹಾಕಿ ಗಟ್ಟಿ ಮಾಡುವ ಪಾಕ ಇದು. ತಳಹಿಡಿಯದಂತೆ ಮರದ ಸಟ್ಟುಗ ಆಡಿಸುತ್ತಲೇ ಇರಬೇಕು. ಮನೆಯೊಡತಿ ಸಟ್ಟುಗ ನನ್ನ ಕೈಗೆ ಕೊಟ್ಟಾಗ ಬಂದ ವಾಸನೆ ಆಲೆಮನೆಯ ಕೊಪ್ಪರಿಗೆಯದೇ. ಅದನ್ನು ಪೊಲೆಂಟಾದ ಮೇಲೆ ಸುರಿದುಕೊಂಡು ತಿಂದದ್ದಕ್ಕೆ ಸಾಟಿಯಾಗುವ ಊಟ ಆ ಪ್ರವಾಸದಲ್ಲಿ ಸಿಗಲಿಲ್ಲ.

ಪಕ್ಕದ ಬ್ರಾ ಪಟ್ಟಣಕ್ಕೆ ಒಂದು ದಿನ ಮೀಸಲಿಡಿ. 1986ರಲ್ಲಿ ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಮ್ಯಾಕ್‌ಡೊನಾಲ್ಡ್ಸ್ ಬಂದಾಗ ಎದ್ದ ವಿರೋಧದಿಂದ ಬೆಳೆದ ಸ್ಲೋ ಫುಡ್ ಚಳವಳಿಯ ತವರು ಅದು. ಅದನ್ನು ಕಟ್ಟಿದ ಕಾರ್ಲೊ ಪೆತ್ರೀನಿ ಹುಟ್ಟಿದ್ದು ಅದೇ ಊರಿನಲ್ಲಿ. ಅದೇ ಚಿಂತನೆಯಿಂದ 1999ರಲ್ಲಿ ಬ್ರಾ, ಓರ್ವಿಯೆತೊ, ಪೊಸಿತಾನೊ, ಕಿಯಾಂತಿ ಸೀಮೆಯ ಗ್ರೇವೆ ಸೇರಿ ನಿಧಾನ ಊರುಗಳ ಕೂಟ ಕಟ್ಟಿಕೊಂಡವು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗಷ್ಟೇ ಅದರಲ್ಲಿ ಪೂರ್ಣ ಸದಸ್ಯತ್ವ.

ಆದರೆ ಈ ಗುಡ್ಡಗಳನ್ನು ಉಳಿಸಿದ್ದರಲ್ಲಿ ಚಳವಳಿಯಷ್ಟೇ ಪಾಲು ಒಂದು ಕಾರ್ಖಾನೆಗೂ ಇದೆ. ಯುದ್ಧಾನಂತರ ಲಾಂಗೆ ಬಡವರ ನಾಡು. ಯುವಕರು ಗಂಟುಮೂಟೆ ಕಟ್ಟಿ ಟ್ಯೂರಿನ್‌ನ ಕಾರು ಕಾರ್ಖಾನೆಗಳಿಗೆ ಹೊರಟಿದ್ದರು. ಕೋಕೋ ದುರ್ಲಭವಾಗಿದ್ದ ಆ ಕಾಲದಲ್ಲಿ ಸ್ಥಳೀಯ ಹೇಜಲ್‌ನಟ್ ಬೆರೆಸಿ ಸಿಹಿ ಮಾಡಿದ ಫೆರೆರೊ ಕಂಪನಿ ಪಕ್ಕದ ಆಲ್ಬಾ ಪಟ್ಟಣದಲ್ಲಿ 1946ರಲ್ಲಿ ಆರಂಭವಾಯಿತು. ಅದು ಗುಡ್ಡದ ಹಳ್ಳಿಗಳಿಗೆ ಬಸ್ಸು ಕಳಿಸಿ ಕೆಲಸಗಾರರನ್ನು ಕರೆತಂದು ಪಾಳಿ ಮುಗಿದ ಮೇಲೆ ಮನೆಗೆ ಬಿಡುತ್ತಿತ್ತು. ಊರು ಬಿಡದೆ ಸಂಬಳ ಸಿಕ್ಕಿದ್ದರಿಂದ ಎಷ್ಟೋ ಮಂದಿ ತೋಟ ಮಾರಲಿಲ್ಲ. ನಮ್ಮ ಮಕ್ಕಳು ಚಪಾತಿಗೆ ಬಳಿದುಕೊಳ್ಳುವ ಅದೇ ಕಂಪನಿಯ ನುಟೆಲ್ಲಾಗೆ ಇಂಥ ಹಿನ್ನೆಲೆಯೂ ಇದೆ.

ಇಂದು ಅದೇ ಸೀಮೆಯ ಒಳ್ಳೆಯ ತೋಟದ ಬೆಲೆ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟಿದೆ. ಕೊಯ್ಲಿಗೆ ಬರುವವರಲ್ಲಿ ಅನೇಕರು ಬಾಲ್ಕನ್ ದೇಶಗಳಿಂದ, ಪಶ್ಚಿಮ ಆಫ್ರಿಕಾದಿಂದ ಬಂದವರು. ಮೇಸ್ತ್ರಿಗಳು ಅವರ ಕೂಲಿ ನುಂಗಿದ ಪ್ರಕರಣಗಳು ಈಚಿನ ವರ್ಷಗಳಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಬಂದಿವೆ. ನಿಧಾನವನ್ನು ದುಬಾರಿ ಸ್ನಾನಗೃಹ, ಈಜುಕೊಳದ ಚಿತ್ರಗಳೊಂದಿಗೆ ಮಾರುವ ಜಾಹೀರಾತುಗಳಲ್ಲಿ ಇವರು ಕಾಣುವುದಿಲ್ಲ. ವಲಸೆ ಬಂದು ದುಡಿಯುವ ನಾವಾದರೂ ಅವರನ್ನು ಗಮನಿಸಬೇಕು. ಬೆಳಿಗ್ಗೆ ಏಳಕ್ಕೆ ಸಾಲುಗಳ ನಡುವೆ ಬುಟ್ಟಿ ಹಿಡಿದು ಬಗ್ಗಿರುವವರಿಗೆ ದಾರಿಯಲ್ಲಿ ಸಿಕ್ಕಾಗ ಒಂದು ನಮಸ್ಕಾರ ಹೇಳಿ.

ಹೋಗುವವರಿಗೆ ಎರಡು ಮಾತು. ಟ್ಯೂರಿನ್‌ನಿಂದ ಬ್ರಾ, ಆಲ್ಬಾಗಳಿಗೆ ನೇರ ರೈಲಿದೆ. ಅಲ್ಲಿಂದ ಗುಡ್ಡ ಹತ್ತುವ ಬಸ್ಸುಗಳು ಬೆರಳೆಣಿಕೆಯಷ್ಟು, ಭಾನುವಾರ ಅವುಗಳನ್ನು ನಂಬಬೇಡಿ. ತಂಗಲು ಅಗ್ರಿತುರಿಸ್ಮೊ ಎಂಬ ಫಲಕವಿರುವ ಮನೆ ಹುಡುಕಿ. ಅಂಥ ಮನೆಯವರ ಮುಖ್ಯ ಕಸುಬು ಕೃಷಿಯೇ ಆಗಿರಬೇಕು ಎಂದು 1985ರಿಂದ ಕಾನೂನಿದೆ. ಅಕ್ಟೋಬರಿನಲ್ಲಿ ಆಲ್ಬಾದಲ್ಲಿ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಮೇಳ ನಡೆಯುವುದರಿಂದ ಕೋಣೆಗಳ ಬಾಡಿಗೆ ಏರುತ್ತದೆ, ಬೇಗ ಕಾದಿರಿಸಿ. ರಾಜ್ಯೋತ್ಸವದ ನಾಟಕದಲ್ಲಿ ಪಾತ್ರ ಇರುವವರು ಮಾತ್ರ ತಿಂಗಳ ಕೊನೆಯ ವಾರದೊಳಗೆ ಮರಳಿ ಬರಬೇಕು. ನಮ್ಮ ನಿರ್ದೇಶಕರಿಗೆ ನಿಧಾನದ ಮೇಲೆ ಅಂಥ ಪ್ರೀತಿಯೇನೂ ಇಲ್ಲ.

— ಸಂಪಾದಕ