ಮ್ಯಾನೇಜರ್ ಗಲಾಟೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹಬ್ಬದ ದಿನ ಫೋನ್ ಮಾಡಿದಾಗ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಮೂರು ವಾರದಿಂದ ಮ್ಯಾನೇಜರ್ ಯಾರು, ಮ್ಯಾನೇಜರ್ ಯಾರು ಅಂತ ಬಡ್ಕೋತಿದ್ದೀಯಲ್ಲೋ, ಆಫೀಸಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ಅಂದೆ. ಆಫೀಸಿನ ಮ್ಯಾನೇಜರ್ ಬದಲಾದರೆ ನಾನು ಒಂದು ಹೊತ್ತಿನ ನಿದ್ದೆಯನ್ನೂ ಕೆಡಿಸಿಕೊಳ್ಳುವವನಲ್ಲ ಅಂತ ನಿನಗೆ ಗೊತ್ತು. ಇದು ಬೇಸ್‌ಬಾಲ್ ವಿಷಯ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ವಿಷಯ. ಫೋನಲ್ಲಿ ಹೇಳಲು ಹೋದರೆ ಎರಡೇ ನಿಮಿಷಕ್ಕೆ ಮಾತನ್ನು ಆರ್‌ಸಿಬಿಗೆ ತಿರುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಕ್ಕೆ ಅಡ್ಡ ಬಾಯಿ ಹಾಕೋಕೆ ಆಗಲ್ಲ, ಸುಮ್ನೆ ಓದು.

ಕ್ರಿಕೆಟ್‌ನಲ್ಲಿ ಕೋಚ್ ಹೊರಗೆ ಕೂತು ಪುಸ್ತಕದಲ್ಲಿ ಏನೋ ಗೀಚುತ್ತಿರುತ್ತಾನೆ, ಮೈದಾನದೊಳಗೆ ಕ್ಯಾಪ್ಟನ್‌ದೇ ಯಜಮಾನಿಕೆ. ಇಲ್ಲಿ ಹಾಗಲ್ಲ. ಬ್ಯಾಟಿಂಗ್ ಕ್ರಮ ಬರೆಯುವುದು, ಯಾರನ್ನು ಕೂರಿಸಬೇಕು ಅನ್ನುವುದು, ಪಿಚರ್ (ಅಂದರೆ ನಿಮ್ಮ ಬೌಲರ್) ಯಾವಾಗ ಬದಲಾಗಬೇಕು ಅನ್ನುವುದು ಎಲ್ಲ ಮ್ಯಾನೇಜರ್ ಕೈಯಲ್ಲಿ. ವಯಸ್ಸು ಎಪ್ಪತ್ತಾಗಿದ್ದರೂ ಆಟಗಾರರ ಹಾಗೇ ಬೆನ್ನಿಗೆ ನಂಬರ್ ಇರುವ ಬಟ್ಟೆ ಹಾಕಿಕೊಂಡು ಕೂರುತ್ತಾನೆ. ನೀನು ಹೀಗೆ ಅಂದುಕೋ. ಚಿನ್ನಸ್ವಾಮಿಯಲ್ಲಿ ಹದಿನೆಂಟನೇ ಓವರ್ ನಡೆಯುತ್ತಿದೆ. ಆ್ಯಂಡಿ ಫ್ಲವರ್ ಆರ್‌ಸಿಬಿ ಜೆರ್ಸಿ ಹಾಕಿಕೊಂಡು ನಿಧಾನಕ್ಕೆ ಪಿಚ್ ತನಕ ನಡೆದು ಬರುತ್ತಾರೆ. ಬೌಲರ್ ಮುಂದೆ ಅಂಗೈ ಚಾಚುತ್ತಾರೆ. ಅವನು ತುಟಿಪಿಟಕ್ ಅನ್ನದೆ ಚೆಂಡು ಕೊಟ್ಟು ತಲೆ ತಗ್ಗಿಸಿ ಹೋಗುತ್ತಾನೆ. ಹಾಗೆ ಹೋದವನು ಆ ದಿನ ವಾಪಸ್ ಬರುವಂತಿಲ್ಲ. ಇಂಥದ್ದು ಪ್ರತಿ ಪಂದ್ಯದಲ್ಲೂ ಹಲವು ಸಲ. ಆರು ತಿಂಗಳಲ್ಲಿ 162 ಪಂದ್ಯ. ಬೈಯುವವರಿಗೆ ಎಷ್ಟು ಅವಕಾಶ, ನೀನೇ ಲೆಕ್ಕ ಹಾಕು.

2025ರ ಸೆಪ್ಟೆಂಬರ್ 28, ಭಾನುವಾರ, ಸೀಸನ್ನಿನ ಕೊನೆ ಪಂದ್ಯ. ಮಗನನ್ನು ಕರೆದುಕೊಂಡು ಕ್ಯಾಲ್‌ಟ್ರೇನ್ ಹತ್ತಿ ನಮ್ಮ ಸ್ಟೇಡಿಯಂ ಒರಾಕಲ್ ಪಾರ್ಕ್‌ಗೆ ಹೋಗಿದ್ದೆ. ಪ್ಲೇಆಫ್ ಆಸೆ ಅಷ್ಟು ಹೊತ್ತಿಗೆ ಮಣ್ಣಾಗಿತ್ತು. ಆದರೂ ಹೋಗುತ್ತೇವೆ, ಜಾತ್ರೆ ಮುಗಿದ ಮೇಲೂ ತೇರಿನ ಹತ್ತಿರ ಸುತ್ತಾಡುವವರ ಹಾಗೆ. ಅವತ್ತು ವಿಲ್ಲಿ ಅಡಾಮೆಸ್ ಈ ಸೀಸನ್ನಿನ ತನ್ನ 30ನೇ ಹೋಮ್ ರನ್ (ನಿಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. 2004ರಲ್ಲಿ ಬ್ಯಾರಿ ಬಾಂಡ್ಸ್ ಆದ ಮೇಲೆ ಜೈಂಟ್ಸ್‌ನಲ್ಲಿ ಒಬ್ಬನೂ ಒಂದು ಸೀಸನ್ನಿಗೆ 30 ಮುಟ್ಟಿರಲಿಲ್ಲ. ಇಡೀ ಸ್ಟೇಡಿಯಂ ಎದ್ದು ನಿಂತಿತು. ನನ್ನ ಮಗನ ಕೈಯಲ್ಲಿದ್ದ ಬೆಳ್ಳುಳ್ಳಿ ಫ್ರೈಸ್ ಮುಂದಿನ ಸೀಟಿನವರ ಟೋಪಿ ಮೇಲೆ ಚೆಲ್ಲಿತು. ಅವರು ಬೈಯಲಿಲ್ಲ, ಟೋಪಿ ಮೇಲಿನದನ್ನೇ ಒಂದು ತೆಗೆದು ಬಾಯಿಗೆ ಹಾಕಿಕೊಂಡರು. ಆಟ ಮುಗಿಯುವ ಹೊತ್ತಿಗೆ ಎಂದಿನಂತೆ ಕೊಲ್ಲಿ ಕಡೆಯಿಂದ ಸೀಗಲ್ ಹಕ್ಕಿಗಳು ಬಂದು ಸೀಟುಗಳ ಸಂದಿಯಲ್ಲಿ ಹೆಕ್ಕತೊಡಗಿದವು. ಗೆದ್ದೆವು. ಲೆಕ್ಕ 81 ಗೆಲುವು, 81 ಸೋಲು. ಎತ್ತೂ ಅಲ್ಲ, ಕೋಣವೂ ಅಲ್ಲ.

ಮಾರನೇ ದಿನವೇ ಮ್ಯಾನೇಜರ್ ಬಾಬ್ ಮೆಲ್ವಿನ್ ತಲೆದಂಡ. ತಮಾಷೆ ಏನು ಗೊತ್ತಾ? ಇದೇ ಜುಲೈ 1ಕ್ಕೆ "ಮುಂದಿನ ವರ್ಷಕ್ಕೂ ನೀವೇ" ಅಂತ ಅವರಿಗೆ ಭರವಸೆ ಕೊಟ್ಟಿದ್ದರು. ಮೂರು ತಿಂಗಳೂ ತುಂಬಲಿಲ್ಲ. ಕೊಟ್ಟವರೂ ತೆಗೆದವರೂ ಒಬ್ಬರೇ, ಬಸ್ಟರ್ ಪೋಸಿ. ಈತ ನಮಗೆ ಮನೆ ಮಗ ಇದ್ದ ಹಾಗೆ. 2010, 2012, 2014ರಲ್ಲಿ ನಾವು ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಫೈನಲ್, ಗೆದ್ದ ಮೂರು ಕಪ್‌ಗಳಲ್ಲೂ ಕ್ಯಾಚರ್ (ನಿಮ್ಮ ವಿಕೆಟ್ ಕೀಪರ್ ಥರ) ಆಗಿದ್ದವನು. 2024ರ ಕೊನೆಗೆ ತಂಡದ ಇಡೀ ಆಡಳಿತ ಅವನ ಕೈಗೆ ಬಂತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾವು ಬೀದಿಗೆ ಇಳಿಯುತ್ತಿದ್ದೆವೋ ಏನೋ. ಪೋಸಿ ಅಂತ ಸುಮ್ಮನಿದ್ದೆವು.

ಮೆಲ್ವಿನ್ ಕೆಟ್ಟವರೇನಲ್ಲ. ಇಲ್ಲಿಯವರೇ, ಬರ್ಕ್‌ಲಿಯಲ್ಲಿ ಓದಿದವರು, ಎಂಬತ್ತರ ದಶಕದಲ್ಲಿ ಇದೇ ಜೈಂಟ್ಸ್‌ಗೆ ಕ್ಯಾಚರ್ ಆಗಿ ಆಡಿದವರು. ಮೂರು ಸಲ ವರ್ಷದ ಮ್ಯಾನೇಜರ್ ಪ್ರಶಸ್ತಿ ಗೆದ್ದವರು. ಆದರೆ ಜೂನ್‌ನಲ್ಲಿ ಬಾಸ್ಟನ್‌ನಿಂದ ದೊಡ್ಡ ಹೊಡೆತಗಾರ ರಾಫೆಲ್ ಡೆವರ್ಸ್‌ನನ್ನು ತಂದಾಗ ನಾವೆಲ್ಲ ಕುಣಿದಾಡಿದ್ದೆವಲ್ಲ, ಅಲ್ಲಿಂದಲೇ ತಂಡ ಜಾರಿತು. ಜುಲೈ ಕೊನೆಗೆ ಟೈಲರ್ ರಾಜರ್ಸ್, ಕಮೀಲೊ ಡೊವಾಲ್, ಮೈಕ್ ಯಸ್ಟ್ರೆಮ್‌ಸ್ಕಿ ಮೂವರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಬುಲ್‌ಪೆನ್ (ಬದಲಿ ಪಿಚರ್‌ಗಳ ಪಡೆ) ಖಾಲಿ ಮಾಡಿ ಕೊಟ್ಟು, ಪಂದ್ಯ ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಕೇಳಿದರೆ ಮೆಲ್ವಿನ್ ಏನು ಮಾಡಬೇಕಿತ್ತು? ಇದನ್ನೇ ನಾನು ಮನೆಯಲ್ಲಿ ಜೋರಾಗಿ ಹೇಳುತ್ತಿದ್ದಾಗ ನನ್ನ ಹೆಂಡತಿ ದೋಸೆ ಮಗುಚುತ್ತಾ, "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದು" ಅಂದಳು. ಅವಳು ವರ್ಷಕ್ಕೆ ಒಂದು ಪಂದ್ಯವನ್ನೂ ಪೂರ್ತಿ ನೋಡುವವಳಲ್ಲ.

ಅಲ್ಲಿಂದ ಶುರುವಾಯಿತು ನೋಡು ಗಲಾಟೆ.

ಆಫೀಸಿನ ಊಟದ ಟೇಬಲ್‌ನಲ್ಲಿ ಮೊದಲ ವಾರ ಕೇಳಿಬಂದ ಹೆಸರು ನಿಕ್ ಹಂಡ್ಲಿ. ಪೋಸಿ ಜತೆ ಇದೇ ತಂಡದಲ್ಲಿ ಎರಡು ವರ್ಷ ಇದ್ದವನು, ಅವನ ಸ್ನೇಹಿತ. "ಇದೇನು ಮದುವೆ ಮನೆ ಅಡುಗೆ ಕಾಂಟ್ರಾಕ್ಟಾ, ಗೊತ್ತಿರುವವರಿಗೆ ಕೊಡೋಕೆ?" ಅಂತ ನಾನು. ಎರಡನೇ ಹೆಸರು ಕರ್ಟ್ ಸುಜುಕಿ. ಹವಾಯಿಯವನು, 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಜತೆ ವರ್ಲ್ಡ್ ಸೀರೀಸ್ ಗೆದ್ದವನು. ಕೊನೆಗೆ ಏಂಜಲ್ಸ್ ತಂಡ ಅವನನ್ನು ಎತ್ತಿಕೊಂಡು ಹೋಯಿತು. ಮೂರನೆಯವನು ವ್ಯಾನ್ಸ್ ವಿಲ್ಸನ್. ಒಂದು ವಿಷಯ ಗಮನಿಸಿದೆಯಾ? ಹಂಡ್ಲಿ ಕ್ಯಾಚರ್. ಸುಜುಕಿ ಕ್ಯಾಚರ್. ವಿಲ್ಸನ್ ಕ್ಯಾಚರ್. ಹೋದ ಮೆಲ್ವಿನ್ ಕ್ಯಾಚರ್, ಆರಿಸುವ ಪೋಸಿಯೂ ಕ್ಯಾಚರ್. ಇದು ಜಾತಿ ಪ್ರೇಮ ಅಂತ ನಾನು ಗೇಲಿ ಮಾಡಿದೆ. ಆದರೆ ಕಾರಣ ಇದೆ ಅನ್ನು. ಉಳಿದ ಎಂಟು ಜನ ಒಂದು ಕಡೆ ಮುಖ ಮಾಡಿ ನಿಂತಿದ್ದರೆ ಕ್ಯಾಚರ್ ಒಬ್ಬನೇ ಅವರ ಎದುರು ಕುಕ್ಕರುಗಾಲಲ್ಲಿ ಕೂತು ಇಡೀ ಮೈದಾನ ನೋಡುತ್ತಿರುತ್ತಾನೆ. ಯಾವ ಚೆಂಡು ಹಾಕಬೇಕು ಅಂತ ಪಿಚರ್‌ಗೆ ಸೂಚನೆ ಕೊಡುವವನೂ ಅವನೇ. ಮ್ಯಾನೇಜರ್ ಕೆಲಸದ ಅರ್ಧ ಅಲ್ಲೇ ಕಲಿತಿರುತ್ತಾನೆ.

ಅಕ್ಟೋಬರ್ ಮೊದಲ ವಾರ ಇನ್ನೊಂದು ಸುದ್ದಿ. ಬ್ರೂಸ್ ಬೋಚಿ ಟೆಕ್ಸಸ್ ರೇಂಜರ್ಸ್ ಬಿಟ್ಟರು. ಬೋಚಿ! ನಮ್ಮ ಮೂರು ಕಪ್‌ಗಳ ಮ್ಯಾನೇಜರ್. 2019ರಲ್ಲಿ ಇಲ್ಲಿಂದ ಹೋಗಿ, 2023ರಲ್ಲಿ ರೇಂಜರ್ಸ್‌ಗೂ ಕಪ್ ಗೆದ್ದುಕೊಟ್ಟ ಭೂಪ. (ಹೌದು, ಅವರೂ ಕ್ಯಾಚರ್.) ನಾನು ಅವತ್ತೇ ನನ್ನ ವೋಟ್ ಹಾಕಿಬಿಟ್ಟೆ. "ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು" ಅನ್ನುವ ಗಾದೆಯನ್ನು ಕಷ್ಟಪಟ್ಟು ಇಂಗ್ಲಿಷಿಗೆ ತಿರುಗಿಸಿ ಊಟದ ಟೇಬಲ್‌ನಲ್ಲಿ ಹೇಳಿದೆ. ಯಾರಿಗೂ ಅರ್ಥ ಆಗಲಿಲ್ಲ. ಅವರಿಗೆ ಈಗ ಎಪ್ಪತ್ತು ವರ್ಷ, ಮಂಡಿ ಸೊಂಟ ಎಲ್ಲ ನೋವು ಅಂತ ಒಬ್ಬ ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲ್ಲಿ ನಿನ್ನನ್ನು ನೆನೆಸಿಕೊಂಡೆ ಕಣೋ. ಈ ಫೆಬ್ರವರಿಯಲ್ಲಿ ಆರ್‌ಸಿಬಿ ಕ್ಯಾಪ್ಟನ್ ಯಾರು ಅಂತ ಆದಾಗ "ಕೊಹ್ಲಿನೇ ಆಗ್ಬೇಕು, ಬೇರೆ ಮಾತೇ ಇಲ್ಲ" ಅಂತ ನೀನು ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್ ಕಳಿಸಿದ್ದೆ. 13ನೇ ತಾರೀಕು ರಜತ್ ಪಾಟೀದಾರ್ ಹೆಸರು ಬಂದಾಗ ಎರಡು ದಿನ ನೀನು ಮಾತೇ ಆಡಲಿಲ್ಲ. ಆಮೇಲೆ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಎತ್ತಿದ್ದು ಅದೇ ಪಾಟೀದಾರ್. ನೀನು ಅತ್ತಿದ್ದೂ ನನಗೆ ಗೊತ್ತು, ವಾಯ್ಸ್ ಮೆಸೇಜ್ ಇನ್ನೂ ಇಟ್ಟಿದ್ದೇನೆ. ಹಾಗಿದ್ದರೂ ಬೋಚಿ ವಿಷಯದಲ್ಲಿ ನನಗೆ ಬುದ್ಧಿ ಬರಲಿಲ್ಲ ನೋಡು.

ಅಕ್ಟೋಬರ್ 18, ಶನಿವಾರ. ಫ್ರೀಮಾಂಟ್‌ನಲ್ಲಿ ಒಬ್ಬರ ಮನೆಯಲ್ಲಿ ದೀಪಾವಳಿ ಊಟ. ಹೋಳಿಗೆ, ಕೋಸಂಬರಿ, ಬಿಸಿಬೇಳೆಬಾತ್. ಮಕ್ಕಳೆಲ್ಲ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದವು. ನನ್ನ ಮಗ ಇದ್ದಕ್ಕಿದ್ದಂತೆ, "ಅಪ್ಪಾ, ವಿಟೆಲ್ಲೊ ಅಂತೆ!" ಅಂತ ಕೂಗಿದ. ಕೋಸಂಬರಿ ಬಡಿಸುತ್ತಿದ್ದವರು ಇದ್ಯಾವ ಪದಾರ್ಥ ಅಂತ ತಿರುಗಿ ನೋಡಿದರು.

ಟೋನಿ ವಿಟೆಲ್ಲೊ. ವಯಸ್ಸು 47. ಟೆನೆಸ್ಸಿ ವಿಶ್ವವಿದ್ಯಾಲಯದ ಕೋಚ್. 2024ರಲ್ಲಿ ಕಾಲೇಜು ತಂಡಗಳ ಅತಿ ದೊಡ್ಡ ಟೂರ್ನಿ ಗೆದ್ದವನು. ಆದರೆ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ದಿನ ಆಡಿಲ್ಲ, ಒಂದು ದಿನ ಕೋಚ್ ಆಗಿಲ್ಲ. ಕಾಲೇಜಿನಿಂದ ನೇರ ಮೇಜರ್ ಲೀಗ್ ಮ್ಯಾನೇಜರ್ ಕುರ್ಚಿಗೆ! ಆಫೀಸಿನ ಅಂಕಿಅಂಶದ ಹುಡುಗ ಸೋಮವಾರ ಡಿಕ್ ಹೌಸರ್ ಹೆಸರು ತೆಗೆದ. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಕೆಲಸದಿಂದ ಬಂದು 1980ರಲ್ಲಿ ಯಾಂಕೀಸ್ ಮ್ಯಾನೇಜರ್ ಆದವರು. ನಿಜ, ಆದರೆ ಹೌಸರ್ ಅದಕ್ಕೂ ಮೊದಲೇ ಮೇಜರ್ ಲೀಗ್‌ನಲ್ಲಿ ಆಡಿದ್ದರು, ಕೋಚ್ ಆಗಿದ್ದರು. ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಆ ಮನೆಯಲ್ಲಿ ಊಟದ ಎಲೆ ಒಣಗಿದರೂ ವಾದ ಮುಗಿಯಲಿಲ್ಲ. ಒಬ್ಬರು, "ಕಾಲೇಜಲ್ಲಿ ಕೋಚ್ ಹೇಳಿದ್ದೇ ವೇದ. ಇಲ್ಲಿ ಕೋಟಿಗಟ್ಟಲೆ ಸಂಬಳ ತಗೊಳ್ಳೋ ಆಟಗಾರರು ಇವನ ಮಾತು ಕೇಳ್ತಾರಾ?" ಅಂದರು. ನನ್ನ ಮಗ, "ಡ್ರೂ ಗಿಲ್ಬರ್ಟ್, ಬ್ಲೇಡ್ ಟಿಡ್ವೆಲ್ ಇಬ್ಬರೂ ಅವರ ಶಿಷ್ಯರೇ, ಈಗ ನಮ್ಮ ತಂಡದಲ್ಲೇ ಇದ್ದಾರೆ" ಅಂದ. ಹೆಸರಾಂತ ಪಿಚರ್ ಮ್ಯಾಕ್ಸ್ ಶರ್ಜರ್ ಕೂಡ ಮಿಸೌರಿಯಲ್ಲಿ ಓದುವಾಗ ಇವರ ಕೈಕೆಳಗೇ ಪಳಗಿದ್ದು ಅಂತಲೂ ಸೇರಿಸಿದ. ಹದಿನೈದು ವರ್ಷದ ಹುಡುಗನಿಗೆ ಇಷ್ಟೆಲ್ಲ ಹೇಗೆ ಗೊತ್ತೋ, ಕೆಮಿಸ್ಟ್ರಿ ಮಾತ್ರ ಗೊತ್ತಿಲ್ಲ. ನಾನು ಕೈತೊಳೆಯಲು ಎದ್ದಾಗಲೂ ಬೋಚಿ ಅಂತಲೇ ಅಂದೆ.

ಆ ರಾತ್ರಿ ಕಾರು ಓಡಿಸುತ್ತಾ ಒಂದು ವಿಷಯ ಹೊಳೆಯಿತು. ನಾವು ಯಾವತ್ತೂ ಬರುವವನನ್ನು ಆರಿಸುತ್ತಿಲ್ಲ. ಹೋದವನಿಗೆ ತದ್ವಿರುದ್ಧ ಯಾರು ಅಂತ ಹುಡುಕುತ್ತೇವೆ, ಅಷ್ಟೇ. ಬೋಚಿ ಒಳಮನಸ್ಸಿನ ಮಾತು ಕೇಳುವವರು. ಅವರು ಹೋದಾಗ "ಕಾಲ ಬದಲಾಗಿದೆ, ಲೆಕ್ಕ ಗೊತ್ತಿರೋನು ಬೇಕು" ಅಂತ ಗೇಬ್ ಕ್ಯಾಪ್ಲರ್ ಬಂದ. 2021ರಲ್ಲಿ 107 ಗೆಲುವು, ಜೈಂಟ್ಸ್ ಇತಿಹಾಸದಲ್ಲೇ ಜಾಸ್ತಿ. ನಮ್ಮ ಬದ್ಧವೈರಿ ಡಾಡ್ಜರ್ಸ್ 106 ಗೆದ್ದೂ ನಮ್ಮ ಹಿಂದೆ. ಆಮೇಲೆ ಪ್ಲೇಆಫ್‌ನಲ್ಲಿ ಅದೇ ಡಾಡ್ಜರ್ಸ್ ಕೈಯಲ್ಲಿ ಐದನೇ ಪಂದ್ಯ ಒಂದೇ ರನ್ನಿನಿಂದ ಸೋತೆವು. ಕೊನೆ ಚೆಂಡಿಗೆ ನಮ್ಮ ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸಿ ಔಟಾದನೋ, ಬೀಸದೆ ತಡೆದನೋ ಅಂತ ಇವತ್ತಿಗೂ ಜಗಳ. (ತಡೆದ. ನಾನು ಸಾಯುವ ತನಕ ಇದನ್ನೇ ಹೇಳುತ್ತೇನೆ.) ಎರಡು ವರ್ಷಕ್ಕೆ ಕ್ಯಾಪ್ಲರ್ ಸಾಕಾದ. "ಬರೀ ಲೆಕ್ಕ, ಅನುಭವಸ್ಥರು ಬೇಕು" ಅಂತ ಮೆಲ್ವಿನ್ ಬಂದರು. ಈಗ ಮೆಲ್ವಿನ್ ತುಂಬಾ ತಣ್ಣಗೆ ಅಂತ ಬೆಂಕಿಯಂಥವನು ಬೇಕಾಗಿದೆ. ಬೋಚಿ ಬೇಕು ಅಂದ ನಾನೂ ಏನು ಕಮ್ಮಿ ಇಲ್ಲ. ನನಗೆ ಬೇಕಿದ್ದದ್ದು ಬೋಚಿಯಲ್ಲ, 2014. ಮಗ ಆಗ ತೊಡೆ ಮೇಲೆ ಕೂತು ಆಟ ನೋಡುತ್ತಿದ್ದ. ಈಗ ಇಯರ್‌ಫೋನ್ ತೆಗೆದು ನನ್ನ ಜತೆ ಮಾತಾಡುವುದೇ ಬೇಸ್‌ಬಾಲ್ ವಿಷಯಕ್ಕೆ ಮಾತ್ರ.

22ನೇ ತಾರೀಕು ಬುಧವಾರ ಅಧಿಕೃತವಾಗಿ ವಿಟೆಲ್ಲೊ ಹೆಸರು ಬಂತು. ನಿಮ್ಮಲ್ಲಿ ಅವತ್ತು ಬಲಿಪಾಡ್ಯಮಿ. ಬೋಚಿಯೂ ಸಲಹೆಗಾರರಾಗಿ ಮನೆಗೆ ಮರಳುತ್ತಿದ್ದಾರಂತೆ, ಅಷ್ಟರಮಟ್ಟಿಗೆ ನನಗೂ ಪ್ರಸಾದ ಸಿಕ್ಕಿತು.

ಪಕ್ಕದ ಮನೆ ಅಜ್ಜನ ವಿಷಯ ಹೇಳಲಿಲ್ಲ. ಎಂಬತ್ತು ದಾಟಿದೆ. ಜೈಂಟ್ಸ್‌ನ ಹಳೇ ಸ್ಟೇಡಿಯಂ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನ ಚಳಿಗಾಳಿಯಲ್ಲಿ ಕಂಬಳಿ ಹೊದ್ದು ಆಟ ನೋಡಿದವರು. ಬೇಸಿಗೆ ಪೂರ್ತಿ ಗ್ಯಾರೇಜಿನ ಬಾಗಿಲು ತೆಗೆದು, ಮೊಳೆಗೆ ರೇಡಿಯೊ ನೇತುಹಾಕಿ ಕೂರುತ್ತಾರೆ. ಈ ಮೂರು ವಾರ ನಾವೆಲ್ಲ ಬಾಯಿ ಬಡಿದುಕೊಂಡರೂ ಅವರು ಒಂದು ಹೆಸರನ್ನೂ ಹೇಳಲಿಲ್ಲ. ಅವರ ಅಳತೆಯೇ ಬೇರೆ. ಮ್ಯಾನೇಜರ್ ಡಗೌಟ್‌ನಿಂದ ಎದ್ದು ಪಿಚರ್ ಹತ್ತಿರ ಹೇಗೆ ನಡೆದು ಹೋಗುತ್ತಾನೆ ಅನ್ನುವುದು. ಬೋಚಿ ಕಾಲೆಳೆದುಕೊಂಡು ಹೋಗುತ್ತಿದ್ದರಲ್ಲ, ಅದು ಮಂಡಿ ನೋವಲ್ಲ, ಬುದ್ಧಿವಂತಿಕೆ ಅಂತ ಅವರ ವಾದ. ಅಷ್ಟು ಹೊತ್ತಿಗೆ ಬುಲ್‌ಪೆನ್‌ನಲ್ಲಿ ಹೊಸಬನ ತೋಳು ಬಿಸಿಯಾಗುತ್ತದೆ, ಹೊರಗೆ ಹೋಗಬೇಕಾದವನ ಸಿಟ್ಟು ತಣ್ಣಗಾಗುತ್ತದೆ.

ನಿನ್ನೆ ಸಂಜೆ ಡಬ್ಬಿಯಲ್ಲಿ ಹೋಳಿಗೆ ತಗೊಂಡು ಅವರ ಗ್ಯಾರೇಜಿಗೆ ಹೋದೆವು. ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಆಡುತ್ತಿರುವುದರಿಂದ ರೇಡಿಯೊ ಆಫ್ ಆಗಿತ್ತು. ನನ್ನ ಮಗ ಫೋನಲ್ಲಿ ವಿಟೆಲ್ಲೊ ವಿಡಿಯೊ ಹಾಕಿ ತೋರಿಸಿದ. ಯಾವುದು ಅಂತೀಯಾ? 2022ರಲ್ಲಿ ಅಂಪೈರ್ ಮೇಲೆ ಏರಿ ಹೋಗಿ ಎದೆಯಿಂದ ಡಿಕ್ಕಿ ಹೊಡೆದು, ನಾಲ್ಕು ಪಂದ್ಯ ಅಮಾನತಾದದ್ದು! "ಬೇರೆ ಸಿಗಲಿಲ್ವೇನೋ?" ಅಂತ ನಾನು ಗದರಿದೆ. ಅಜ್ಜ ಕನ್ನಡಕ ಹಣೆಗೆ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಪೂರ್ತಿ ನೋಡಿದರು. ಹೋಳಿಗೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಫೋನ್ ವಾಪಸ್ ಕೊಡುತ್ತಾ, "ಇನ್ನೊಂದು ಸಲ ಹಾಕು. ಈ ಸಲ ಅವನು ಎದ್ದು ಬರೋದರಿಂದ" ಅಂದರು.

ಇತಿ ನಿನ್ನವ