ಪಶ್ಚಾತ್ತಾಪ ಪಡಲು ಮಲಯಾಳ ಕಲಿತು ಬರಬೇಕೆ?

ಮಂಜೇಶ್ವರ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

2021ರಲ್ಲಿ ಮಂಜೇಶ್ವರದಿಂದ ಗೆದ್ದವರು ತಿರುವನಂತಪುರದಲ್ಲಿ, ಕೇರಳದ ವಿಧಾನಸಭೆಯಾದ ನಿಯಮಸಭೆಯಲ್ಲಿ, ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಗಡಿನಾಡಿನಲ್ಲಿ ಅನೇಕರು ಅದನ್ನು ಮೆಚ್ಚಿದರು. ಮನಸ್ಸಾಕ್ಷಿ ಮುಂದಿಟ್ಟುಕೊಂಡು ಆಡುವ ಮಾತನ್ನು ಮನೆಮಾತಿನಲ್ಲಿ ಆಡಿದರೇ ಸಮಾಧಾನ ಎನ್ನುವುದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಈ ಪತ್ರದ ವಿಷಯವೂ ಅದೇ, ಜಾಗ ಮಾತ್ರ ಬೇರೆ: ಸೆರೆಮನೆ. ಕೇರಳದ ಜೈಲುಗಳಲ್ಲಿರುವ ಗಡಿನಾಡಿನ ಕೈದಿಗಳಿಗೆ ಕನ್ನಡದ ಬೈಬಲ್, ಕನ್ನಡ ಬಲ್ಲ ಪಾದ್ರಿ ಸಿಗಬೇಕು ಎಂಬುದು ನಮ್ಮ ಕೇಳಿಕೆ.

ಮೀಂಜ, ವರ್ಕಾಡಿ, ಪೈವಳಿಕೆ ಕಡೆಯವರು ರಿಮಾಂಡಾದರೆ ಕಾಸರಗೋಡಿನ ಸ್ಪೆಷಲ್ ಸಬ್ ಜೈಲು, ಇಲ್ಲವೆ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಜಿಲ್ಲಾ ಜೈಲು. ದೊಡ್ಡ ಶಿಕ್ಷೆಯಾದರೆ ಕಣ್ಣೂರು ಸೆಂಟ್ರಲ್ ಜೈಲು. ನಡತೆ ಚೆನ್ನಾಗಿದ್ದರೆ ಮುಂದೆ ಚೀಮೇನಿಯ ತೆರೆದ ಜೈಲು. ಅಂದರೆ ಶಿಕ್ಷೆ ದೊಡ್ಡದಾದಷ್ಟೂ ಕನ್ನಡ ದೂರ. ಮಂಜೇಶ್ವರದಿಂದ ಕಣ್ಣೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಮನೆಯವರು ಬರುವುದೂ ದಿನ ಕಳೆದಂತೆ ಕಡಿಮೆಯಾಗುತ್ತದೆ.

ಸೆರೆಮನೆಯಲ್ಲಿ ಕ್ರಿಸ್ತನ ಕಡೆ ಮನಸ್ಸು ಹೊರಳುವುದು ಭಾನುವಾರದ ಪ್ರಸಂಗ ಕೇಳುವಾಗ ಎಂದು ಹೊರಗಿನವರು ಎಣಿಸುತ್ತಾರೆ. ಹೆಚ್ಚಾಗಿ ಹಾಗಲ್ಲ. ಸಂಜೆ ಎಣಿಕೆ ಮುಗಿದು ಸೆಲ್ಲಿಗೆ ಬೀಗ ಬಿದ್ದ ಮೇಲೆ ಬೆಳಗಿನವರೆಗೆ ಮಾಡಲು ಏನೂ ಇರುವುದಿಲ್ಲ. ಬೇಲ್ ಅರ್ಜಿ ವಜಾ ಆದ ದಿನ, ಹೆಂಡತಿ ಬರುವುದು ನಿಂತ ತಿಂಗಳು, ತೀರ್ಪಿನ ಹಿಂದಿನ ರಾತ್ರಿ: ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ತಾನು ಮಾಡಿದ್ದನ್ನು ಮೊದಲ ಸಲ ಕಣ್ಣುಬಿಟ್ಟು ನೋಡುತ್ತಾನೆ. ಆಗ ಅವನ ತೊಡೆಯ ಮೇಲೆ ಓದಲಾಗುವ ಪುಸ್ತಕವೊಂದು ಇರಬೇಕು. ಬೈಬಲಿನ 51ನೇ ಕೀರ್ತನೆ, 130ನೇ ಕೀರ್ತನೆ, ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಶಿಲುಬೆಯ ಮೇಲಿನ ಕಳ್ಳ ಯೇಸುವನ್ನು ಬೇಡಿಕೊಳ್ಳುವ ಎರಡು ಸಾಲು. ಇಷ್ಟು ಸಾಕಾಗುತ್ತದೆ. ಆದರೆ ಕಪಾಟಿನಲ್ಲಿರುವ ಬೈಬಲ್ ಮಲಯಾಳದ್ದಾದರೆ, ಕನ್ನಡ ಮೀಡಿಯಂನಲ್ಲಿ ಏಳನೇ ತರಗತಿ ಮುಗಿಸಿದವನಿಗೆ ಅದು ಇಟ್ಟಿಗೆಗೆ ಸಮ. ಪೇಟೆಯಲ್ಲಿ ಮಲಯಾಳ ಮಾತಾಡಿ ವ್ಯವಹಾರ ಮಾಡುವವನು ಮಲಯಾಳ ಲಿಪಿ ಓದಬಲ್ಲ ಎಂದೇನೂ ಇಲ್ಲವಲ್ಲ.

ಹಾಗಾದರೆ ಕನ್ನಡ ಬೈಬಲ್ ಕೊಟ್ಟರೆ ಮುಗಿಯಿತೆ? ಅಲ್ಲೂ ಕೆಲವು ತೊಡಕುಗಳಿವೆ. ಗಟ್ಟಿ ರಟ್ಟಿನ ಪುಸ್ತಕ ಗೇಟಿನಲ್ಲೇ ಉಳಿಯುತ್ತದೆ, ಉಳಿಯಬೇಕಾದ್ದೇ. ಬೈಂಡಿನ ಬೆನ್ನಿನೊಳಗೆ ಬ್ಲೇಡು, ಸಿಮ್ಮು, ಪುಡಿಯ ಪೊಟ್ಟಣ ಎಲ್ಲ ಹಿಡಿಸುತ್ತದೆ. ತೆಳು ಹೊದಿಕೆಯ ಪ್ರತಿಯೇ ಆಗಬೇಕು. ಜೇಬಿನ ಗಾತ್ರದ ಹೊಸ ಒಡಂಬಡಿಕೆಯ ಅಕ್ಷರ ಸೆಲ್ಲಿನ ಬೆಳಕಿಗೆ ಸಾಲದು. ನಲವತ್ತು ದಾಟಿದವನಿಗೆ ಪುಸ್ತಕದ ಜೊತೆ ಓದುವ ಕನ್ನಡಕವೂ ಬೇಕು. ಸಂಪೂರ್ಣ ಬೈಬಲಿಗಿಂತ ಒಂದು ಸುವಾರ್ತೆ ಮತ್ತು ಕೀರ್ತನೆಗಳನ್ನು ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಕೊಟ್ಟರೆ ನಿಜವಾಗಿ ಓದುತ್ತಾರೆ. ಇನ್ನೊಂದು ಸಣ್ಣ ಸಂಗತಿ, ತೊಂದರೆ ಮಾತ್ರ ದೊಡ್ಡದು: ಹಳೆಯ ಭಾಷಾಂತರದಲ್ಲಿ ‘ಯೆಹೋವ’, ‘ಅಪೊಸ್ತಲರ ಕೃತ್ಯಗಳು’, ಕಥೋಲಿಕರು ಬಳಸುವ ಭಾಷಾಂತರದಲ್ಲಿ ‘ಸರ್ವೇಶ್ವರ’, ‘ಪ್ರೇಷಿತರ ಕಾರ್ಯಕಲಾಪಗಳು’. ಒಂದರಲ್ಲಿ 66 ಪುಸ್ತಕ, ಇನ್ನೊಂದರಲ್ಲಿ 73. ಪ್ರಾರ್ಥನೆ ನಡೆಸಲು ಬಂದವರು ಒಂದನ್ನು ಹಿಡಿದು ಓದಿಸಿದರೆ ಕೈಯಲ್ಲಿ ಇನ್ನೊಂದು ಇರುವವನು ಪುಟ ತಿರುವುತ್ತಲೇ ಕೂರುತ್ತಾನೆ. ಪುಸ್ತಕದ ಹೆಸರಿನ ಬದಲು ಪುಟದ ಸಂಖ್ಯೆ ಹೇಳಬಹುದು, ಆದರೆ ಎಲ್ಲರ ಕೈಯಲ್ಲೂ ಒಂದೇ ಮುದ್ರಣ ಇರಬೇಕು. ಆದ್ದರಿಂದ ಜೈಲಿನ ಗ್ರಂಥಾಲಯಕ್ಕೆ ಎರಡೂ ಬಗೆಯವು ಒಂದೇ ಮುದ್ರಣದ ಹತ್ತು ಹತ್ತು ಪ್ರತಿಯಾದರೂ ಬೇಕು. ಬಿಡಿಬಿಡಿಯಾಗಿ ದಾನ ಬಂದ ಇಪ್ಪತ್ತು ಥರದ ಪುಸ್ತಕ ಪ್ರಯೋಜನವಿಲ್ಲ.

ಓದಲು ಬಾರದವರೂ ಇದ್ದಾರೆ, ಅವರಿಗೆ ಬೇರೆಯವರು ಓದಿ ಹೇಳಬೇಕು. ತುಳು ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು 1847ರಲ್ಲಿ. ಅಂದರೆ ಈ ಕರಾವಳಿಯಲ್ಲಿ ಮನೆಮಾತಿನಲ್ಲಿ ದೇವರ ವಾಕ್ಯ ಓದಿಸುವುದು ನಿನ್ನೆ ಮೊನ್ನೆಯ ಹಟವಲ್ಲ. ಕನ್ನಡ ಓದಬಲ್ಲ ಕೈದಿಯೊಬ್ಬ ಬೀಗ ಬೀಳುವ ಮುಂಚೆ ಹತ್ತು ನಿಮಿಷ ಗಟ್ಟಿಯಾಗಿ ಓದಲು ಬಿಟ್ಟರೂ ಸಾಕು, ಅದಕ್ಕೆ ಖರ್ಚೇ ಇಲ್ಲ.

ಇನ್ನು ಭೇಟಿಯ ವಿಚಾರ. ಬೇಳ, ಕಾಸರಗೋಡು, ಮಂಜೇಶ್ವರದ ಇಗರ್ಜಿಗಳು (ಚರ್ಚುಗಳು) ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಅಲ್ಲಿಯ ಪಾದ್ರಿಗಳಿಗೆ ಕೊಂಕಣಿ, ಕನ್ನಡ ಎರಡೂ ಬರುತ್ತವೆ. ಮಾಲೋಂ, ವೆಳ್ಳರಿಕುಂಡು ಕಡೆಯ ಸೀರೋ ಮಲಬಾರ್ (ಕೇರಳದ ಕಥೋಲಿಕ ಪಂಥ) ಇಗರ್ಜಿಗಳು ತಲಶ್ಶೇರಿ ಮಹಾಧರ್ಮಪ್ರಾಂತ್ಯದವು, ಮಲಯಾಳದವು. ಹೊಸದುರ್ಗ ಇರುವುದು ಮಲಯಾಳದ ಸೀಮೆಯಲ್ಲಿ. ಹತ್ತಿರದವರಿಗೆ ಅನುಮತಿ ಎಂದು ಹೊರಟರೆ ಸಿಗುವುದು ಮಲಯಾಳದ ತಂಡವೇ. ಅವರ ತಪ್ಪೇನಿಲ್ಲ, ಹಾಡಿಗೆ ಎಲ್ಲರೂ ದನಿಗೂಡಿಸುತ್ತಾರೆ. ಪಾಪನಿವೇದನೆಯ ಹೊತ್ತು ಬಂದಾಗ ಕೊಂಕಣಿಯವನು ಹಿಂದೆ ಸರಿಯುತ್ತಾನೆ. ಕುಮ್ಸಾರನ್ನು (ಪಾಪನಿವೇದನೆಗೆ ಕೊಂಕಣಿಯ ಹೆಸರು) ಅನುವಾದಕನ ಮೂಲಕ ಮಾಡುವವರು ಯಾರಿದ್ದಾರೆ?

ಅನುಮತಿಯ ಕ್ರಮದಲ್ಲೂ ಒಂದು ಗಂಟಿದೆ. ಬರುವವರ ಹೆಸರು, ಗುರುತಿನ ಚೀಟಿಯ ಪ್ರತಿ ಮುಂಚಿತವಾಗಿ ಕೊಡಬೇಕು, ಸರಿ. ಆದರೆ ಕೊಟ್ಟ ಹೆಸರಿನಲ್ಲಿ ಕನ್ನಡ ಬರುವವರು ಒಬ್ಬರೇ ಇದ್ದು ಆ ಒಬ್ಬರಿಗೆ ಜ್ವರ ಬಂದರೆ, ಆ ತಿಂಗಳು ಕನ್ನಡದವರಿಗೆ ಏನೂ ಇಲ್ಲ. ಆರು ಜನರ ಪಟ್ಟಿಯನ್ನು ವರ್ಷಕ್ಕೊಮ್ಮೆ ಪೊಲೀಸ್ ಪರಿಶೀಲನೆ ಸಹಿತ ಮಂಜೂರು ಮಾಡಿ, ಅವರಲ್ಲಿ ಯಾರಾದರೂ ಮೂವರು ಬರಬಹುದು ಎಂದಿಟ್ಟರೆ ಈ ಗಂಟು ಬಿಚ್ಚುತ್ತದೆ. ಸಮಯವನ್ನು ಗೇಟಿನಿಂದಲ್ಲ, ಒಳಗೆ ಕೂತಲ್ಲಿಂದ ಎಣಿಸಬೇಕು; ರಿಜಿಸ್ಟರು, ತಪಾಸಣೆ, ಮೊಬೈಲ್ ಒಪ್ಪಿಸುವುದು ಇಷ್ಟರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಒಳಗೆ ಒಯ್ಯುವ ವಸ್ತುಗಳ ಬಗ್ಗೆ ಜೈಲಿನವರ ಭಯ ನಮಗೆ ಅರ್ಥವಾಗುತ್ತದೆ. ನೈಲಾನ್ ದಾರದ ಜಪಸರ ಕೊರಳಿಗೆ ಬಿಗಿಯಬಲ್ಲದು, ಲೋಹದ ಶಿಲುಬೆಯನ್ನು ನೆಲಕ್ಕೆ ತಿಕ್ಕಿ ಚೂಪು ಮಾಡಬಹುದು. ಎಳೆದರೆ ಹರಿಯುವ ಹತ್ತಿನೂಲಿನಲ್ಲಿ ಪೋಣಿಸಿದ ಹತ್ತು ಮಣಿಯ ಸಣ್ಣ ಸರ, ಮರದ ಶಿಲುಬೆ, ಇಷ್ಟಿದ್ದರೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಲು ಅಡ್ಡಿಯಿಲ್ಲ. ಅದನ್ನೇ ಐದು ಸುತ್ತು ತಿರುಗಿಸಿದರಾಯಿತು. ಮೇಣದಬತ್ತಿ ಬೇಡವೇ ಬೇಡ. ಬಲಿಪೂಜೆಯ ದ್ರಾಕ್ಷಾರಸ ಮಾತ್ರ ಪ್ರತಿಸಲ ಜಗಳದ ವಸ್ತು, ಯಾಕೆಂದರೆ ಮದ್ಯ ಜೈಲಿನಲ್ಲಿ ನಿಷಿದ್ಧ. ಪಾದ್ರಿಗೆ ಬೇಕಾದದ್ದು ಎರಡು ಮೂರು ಚಮಚ. ಅಷ್ಟನ್ನೇ ಸಣ್ಣ ಶೀಶೆಯಲ್ಲಿ, ಅಳತೆ ಬರೆದ ಲಿಖಿತ ಅನುಮತಿಯೊಂದಿಗೆ ಬಿಡುವುದು, ಕೈದಿಗಳಿಗೆ ರೊಟ್ಟಿಯ ರೂಪದ ಪ್ರಸಾದ ಮಾತ್ರ ಕೊಡುವುದು, ಖಾಲಿ ಶೀಶೆಯನ್ನು ಗೇಟಿನಲ್ಲಿ ತೋರಿಸಿ ಹೋಗುವುದು. ಈ ಮೂರು ಸಾಲಿನ ಸುತ್ತೋಲೆ ಇದ್ದರೆ ಡ್ಯೂಟಿಯಲ್ಲಿರುವ ವಾರ್ಡನ್ ತನ್ನ ನೌಕರಿಗೆ ಹೆದರಬೇಕಾಗಿಲ್ಲ.

ಪಾಪನಿವೇದನೆಗೆ ವಕೀಲರ ಭೇಟಿಯ ಕ್ರಮವೇ ಸಾಕು: ಕಣ್ಣಿಗೆ ಕಾಣುವಷ್ಟು ಹತ್ತಿರ, ಕಿವಿಗೆ ಬೀಳದಷ್ಟು ದೂರ. ಆದರೆ ಇದಕ್ಕಿಂತ ದೊಡ್ಡ ಅಪಾಯ ನಮ್ಮವರಿಂದಲೇ ಆಗುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಪ್ರಾರ್ಥನಾಕೂಟದಲ್ಲಿ ‘ಸಾಕ್ಷಿ’, ಅಂದರೆ ತನ್ನ ಬದುಕು ಬದಲಾದ ಕತೆ, ಎಲ್ಲರೆದುರು ಹೇಳಿಸುವ ರೂಢಿ ಇದೆ. ವಿಚಾರಣೆ ಮುಗಿಯದ ಕೈದಿ ಐವತ್ತು ಜನರ ಮುಂದೆ ಎದ್ದು ನಿಂತು ‘ನಾನೇ ಕೊಂದೆ, ಕರ್ತನು ಕ್ಷಮಿಸಿದನು’ ಎಂದರೆ, ಅದು ನ್ಯಾಯಾಲಯದ ಹೊರಗಿನ ತಪ್ಪೊಪ್ಪಿಗೆ. ದುರ್ಬಲ ಸಾಕ್ಷ್ಯವಾದರೂ ಸಾಕ್ಷ್ಯವೇ. ಕೇಳಿಸಿಕೊಂಡವರನ್ನು ಕಟಕಟೆಗೆ ಕರೆಯಬಹುದು. ಹಾಗೆಯೇ ಪಶ್ಚಾತ್ತಾಪದ ಬಿಸಿಯಲ್ಲಿ ಸತ್ತವನ ಮನೆಯವರಿಗೆ ಕ್ಷಮೆ ಬೇಡಿ ಬರೆದ ಪತ್ರ, ಸಾಕ್ಷಿದಾರರ ಮೇಲೆ ಒತ್ತಡ ಎಂಬ ಆರೋಪವಾಗಿ ತಿರುಗಿ ಬರಬಹುದು. ಆ ಮನೆಯವರಿಗೂ ಅದು ಗಾಯ ಕೆದಕಿದಂತೆ. ಪತ್ರ ಬರೆಯಲಿ, ವೆಲ್ಫೇರ್ ಆಫೀಸರ ಬಳಿ ಇರಲಿ, ಕೇಸು ಮುಗಿದು ಆ ಕಡೆಯವರು ಒಪ್ಪಿದರೆ ಮಾತ್ರ ಹೋಗಲಿ. ಸುವಾರ್ತೆಯಲ್ಲಿ ಬರುವ ಸುಂಕದವ ಜಕ್ಕಾಯನು ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದದ್ದನ್ನು ಓದಿಸಿ, ದುಡಿಮೆಯ ಕೂಲಿಯಲ್ಲಿ ಸಂತ್ರಸ್ತರ ಪಾಲು ಯಾಕಿರಬೇಕು ಎಂದು ಶಿಕ್ಷೆಯಾದವರಿಗೆ ವಿವರಿಸುವುದು ಇದಕ್ಕಿಂತ ಆರೋಗ್ಯಕರ ದಾರಿ.

ಬರುವ ಸ್ವಯಂಸೇವಕರಿಗೆ ಒಂದು ದಿನದ ತರಬೇತಿ ಕಡ್ಡಾಯ ಮಾಡಿ ಎಂದು ನಾವೇ ಕೇಳುತ್ತೇವೆ. ಕುಡಿತಕ್ಕೆ ದಾಸನಾಗಿದ್ದವನು ಒಳಗೆ ಬಂದು ಎರಡು ಮೂರು ದಿನಕ್ಕೆ ನಡುಗುತ್ತಾನೆ, ಬೆವರುತ್ತಾನೆ, ಗೋಡೆಯಲ್ಲಿ ಹುಳ ಕಾಣುತ್ತಾನೆ, ಯಾರೊಡನೆಯೋ ಮಾತಾಡುತ್ತಾನೆ. ಅದನ್ನು ದೆವ್ವವೆಂದು ತಿಳಿದು ತಲೆಯ ಮೇಲೆ ಕೈಯಿಟ್ಟು ಅರಚಿದರೆ ಮನುಷ್ಯ ಸಾಯಬಹುದು. ಬೇಕಾದದ್ದು ಡಾಕ್ಟರು, ಕೂಡಲೆ. ಮನೋರೋಗದ ಮಾತ್ರೆಯನ್ನು ‘ವಿಶ್ವಾಸದಿಂದ’ ಬಿಡಿಸಿದರೆ ವಾರಗಳೊಳಗೆ ಕಾಯಿಲೆ ಮರಳಬಹುದು. ‘ಪ್ರಾರ್ಥಿಸು, ಬೇಲ್ ಸಿಗುತ್ತದೆ’ ಎಂಬ ಮಾತು ಎಲ್ಲಕ್ಕಿಂತ ಕ್ರೂರ. ವಾಣಿಜ್ಯ ಪ್ರಮಾಣದ ಎಂಡಿಎಂಎ ಎಂಬ ಮಾದಕವಸ್ತುವಿನ ಕೇಸಿನಲ್ಲಿ, ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 37ನೇ ಸೆಕ್ಷನ್ ಎದುರಿಗಿರುವಾಗ ಬೇಲ್ ಸುಲಭವಲ್ಲ. ಸಿಗದ ದಿನ ಹುಡುಗ ದೇವರನ್ನೂ ಬಿಡುತ್ತಾನೆ, ಊಟವನ್ನೂ ಬಿಡುತ್ತಾನೆ. ಬೈಬಲಿನಲ್ಲಿ ಪೌಲ ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದಾಗ ಬಾಗಿಲು ತೆರೆಯಿತು ಎಂದು ಹೇಳುವವರು, ತೆರೆದ ಮೇಲೂ ಯಾರೂ ಓಡಲಿಲ್ಲ, ಪೌಲನ ಕೂಗು ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿದ ಜೈಲರನ ಜೀವ ಉಳಿಸಿತು ಎಂಬುದನ್ನೂ ಪೂರ್ತಿ ಓದಿಸಬೇಕು.

ಮತಾಂತರದ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದೇ ಬರುತ್ತದೆ. ಬರಲಿ. ಸಾಬೂನು, ಬಿಸ್ಕತ್ತು, ಕ್ರಿಸ್‌ಮಸ್ ಕೇಕು ಯಾವುದನ್ನೂ ಪ್ರಾರ್ಥನೆಯ ಜಾಗದಲ್ಲಿ ಹಂಚಬಾರದು; ಕೊಡುವುದಿದ್ದರೆ ವೆಲ್ಫೇರ್ ಆಫೀಸರ ಕೈಯಿಂದ ಬ್ಯಾರಕ್ಕಿನ ಎಲ್ಲರಿಗೂ. ಪ್ರಾರ್ಥನೆಗೆ ಬಂದವರ ಹಾಜರಿ ಪರೋಲ್, ಶಿಕ್ಷೆ ಕಡಿತದ ಕಡತಕ್ಕೆ ಹೋಗಬಾರದು, ಹೋದರೆ ಭಕ್ತಿ ನಾಟಕವಾಗುತ್ತದೆ. ರಿಮಾಂಡಿನಲ್ಲಿರುವವರಿಗೆ ದೀಕ್ಷಾಸ್ನಾನ ಬೇಡ. ಕಲಿಯಲಿ, ಹೊರಬಂದು ಊರಿನಲ್ಲಿ ತೀರ್ಮಾನಿಸಲಿ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸವಲತ್ತು ಉಳಿಯುವುದಿಲ್ಲ. ಕೊರಗರಂಥ ಪರಿಶಿಷ್ಟ ಪಂಗಡದವರಿಗೆ ಈ ತೊಡಕಿಲ್ಲ. ಇದನ್ನು ಮೊದಲೇ ಹೇಳದೆ ನೀರು ಹಾಕುವುದು ಮೋಸ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ 65ನೆಯದು ಧರ್ಮಗುರುವನ್ನು ಕಾಣುವ ಹಕ್ಕನ್ನು ಯಾವ ಕೈದಿಗೂ ನಿರಾಕರಿಸಬಾರದು ಎನ್ನುತ್ತದೆ, ಭೇಟಿ ಬೇಡ ಎಂದವನ ಮನಸ್ಸನ್ನೂ ಪೂರ್ಣ ಗೌರವಿಸಬೇಕು ಎನ್ನುತ್ತದೆ. ನಮಗೆ ಎರಡೂ ಬೇಕು. ಮುಸಲ್ಮಾನ ಕೈದಿಗೆ ಕನ್ನಡ ಬಲ್ಲ ಉಸ್ತಾದರು, ಹಿಂದೂ ಕೈದಿಗೆ ಕನ್ನಡದ ಭಜನೆ ಪುಸ್ತಕ ಕೇಳಿದರೂ ಈ ಪತ್ರದ ವಾದ ಹಾಗೇ ಅನ್ವಯಿಸುತ್ತದೆ.

ಕೊನೆಯದಾಗಿ ಅರ್ಜಿಯ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೂ ಇಲಾಖಾ ಮುಖ್ಯಸ್ಥರಿಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಸೆಲ್ಲಿನೊಳಗಿನಿಂದ ಹೊರಡುವ ಅರ್ಜಿ ಸಹಕೈದಿಯ ಕೈಯಲ್ಲಿ ಮಲಯಾಳವಾಗುವಷ್ಟರಲ್ಲಿ ‘ಕುಮ್ಸಾರಿಗೆ ಪಾದ್ರಿ ಬೇಕು’ ಎಂಬುದು ‘ಕೌನ್ಸೆಲಿಂಗ್ ಬೇಕು’ ಎಂದಾಗಿಬಿಡುತ್ತದೆ. ಒಂದು ಪುಟದ ಕನ್ನಡ ನಮೂನೆ ಸಾಕು: ಹೆಸರು, ಸೆಲ್ ಸಂಖ್ಯೆ, ಯಾರನ್ನು ಕಾಣಬೇಕು, ಯಾವ ಭಾಷೆಯಲ್ಲಿ, ಬಿಡುಗಡೆಯ ದಿನ ಯಾರಿಗೆ ತಿಳಿಸಬೇಕು. ಆ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಬೇಲ್ ಆದೇಶ ಸಂಜೆ ತಲುಪಿ, ಕತ್ತಲಾದ ಮೇಲೆ ಕೈಚೀಲ ಹಿಡಿದು ಗೇಟಿನ ಹೊರಗೆ ನಿಂತವನಿಗೆ ಮೊದಲು ಸಿಗುವುದು ಹಳೆಯ ಗೆಳೆಯನ ಬೈಕೋ, ಊರಿನ ಇಗರ್ಜಿಯವರ ಆಟೋವೋ ಎನ್ನುವುದರ ಮೇಲೆ ಒಳಗೆ ಓದಿದ್ದೆಲ್ಲ ನಿಂತಿರುತ್ತದೆ.

ಮುಂದಿನ ಅಧಿವೇಶನದಲ್ಲಿ ಇದನ್ನು ಒಂದು ಸಬ್‌ಮಿಷನ್ (ಸದನದ ಗಮನ ಸೆಳೆಯುವ ಪ್ರಸ್ತಾಪ) ಆಗಿ ಎತ್ತಬೇಕು, ಜೈಲು ಇಲಾಖೆಯ ಮುಖ್ಯಸ್ಥರಿಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆಯಬೇಕು. ನಮೂನೆಯ ಕನ್ನಡ ಕರಡು, ಪುಸ್ತಕಗಳ ಪಟ್ಟಿ, ತರಬೇತಿಯ ಪಾಠ ನಾವು ಸಿದ್ಧಮಾಡಿ ಕೊಡುತ್ತೇವೆ. ಪುಸ್ತಕದ ಖರ್ಚನ್ನು ಸರಕಾರ ಹೊರಬೇಕಾಗಿಲ್ಲ; ಗೇಟು ದಾಟಿಸಿಕೊಟ್ಟರೆ ಸಾಕು.

ಇತಿ,
ಗಡಿನಾಡಿನ ಸೆರೆಮನೆಗಳಲ್ಲಿ ಪ್ರಾರ್ಥನಾ ಸೇವೆ ನಡೆಸುವ ಪಾದ್ರಿಗಳು, ಸಿಸ್ಟರುಗಳು, ಸಭಾಪಾಲಕರು ಮತ್ತು ವಿಶ್ವಾಸಿಗಳು