ಕೊರಿಯಾದ ಫೋಟೊಗಳ ಕೆಲಸ ಮುಗಿಯಿತು, ನಿಮಗೆಲ್ಲ ಥ್ಯಾಂಕ್ಸ್

ಅಮೆರಿಕದ 24ನೇ ಇನ್ಫೆಂಟ್ರಿ ಡಿವಿಷನ್ (ಕಾಲಾಳು ಪಡೆ) ಕೊರಿಯಾ ಯುದ್ಧದಲ್ಲಿ ಮೊದಲ ಸಲ ಕಾಳಗಕ್ಕಿಳಿದದ್ದು 1950ರ ಜುಲೈ 5ರಂದು. ಆ ದಿನದ ಫೋಟೊಗಳ ಬಗ್ಗೆ ನಾನು ಬರೆಯುತ್ತಿದ್ದ ಪುಸ್ತಕ ಕೊನೆಗೂ ಅಚ್ಚಿಗೆ ಹೋಗಿದೆ. ಮುನ್ನುಡಿಯಲ್ಲಿ ಎಲ್ಲರಿಗೂ ಜಾಗ ಸಿಗಲಿಲ್ಲ. ಅದಕ್ಕೇ ಈ ಬರಹ.

ಮೊದಲ ವಂದನೆ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಸಿಬ್ಬಂದಿಗೆ. ಸೇನೆಯ ಸಂಪರ್ಕ ಮತ್ತು ಫೋಟೊ ವಿಭಾಗವಾದ ಸಿಗ್ನಲ್ ಕೋರ್ ತೆಗೆದ ಫೋಟೊಗಳ ದೊಡ್ಡ ಸಂಗ್ರಹ ಇರುವುದು ಅಲ್ಲೇ. ಕೇಳಿದ ಫೋಟೊ ಕೊಟ್ಟು ಅವರು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಪ್ರತಿಯೊಂದರ ಕ್ಯಾಪ್ಷನ್ನನ್ನೂ ಹುಡುಕಿ ಕಳಿಸಿದರು. ಅಲ್ಲಿನ ಸರ್ಕಾರಿ ನೌಕರರು ಕೆಲಸದ ಮೇಲೆ ತೆಗೆದ ಫೋಟೊಗೆ ಆ ದೇಶದಲ್ಲಿ ಕಾಪಿರೈಟ್ ಇರುವುದಿಲ್ಲ. ನನ್ನಂಥ ಖಾಲಿ ಜೇಬಿನವನು ಆ ಕಾನೂನಿಗೂ ಒಂದು ನಮಸ್ಕಾರ ಹಾಕಬೇಕು, ಅಲ್ವಾ?

ಜಾಸ್ತಿ ಋಣ ಇರುವುದು ಇಬ್ಬರದ್ದು. ಒಬ್ಬರು ನಿವೃತ್ತ ಸುಬೇದಾರರು. ಬಜೂಕಾ (ಹೆಗಲ ಮೇಲಿಟ್ಟು ಟ್ಯಾಂಕಿಗೆ ರಾಕೆಟ್ ಹಾರಿಸುವ ಕೊಳವೆ) ಹಿಡಿದ ಸೈನಿಕರ ಆ ಪ್ರಸಿದ್ಧ ಫೋಟೊ ಇದೆಯಲ್ಲ, ಅದರಲ್ಲಿ 24ನೇ ಡಿವಿಷನ್ನಿನ 34ನೇ ರೆಜಿಮೆಂಟಿನ ಸೈನಿಕ ಕೆನೆತ್ ಶಾಡ್ರಿಕ್ ಇದ್ದಾನೆ. ವಯಸ್ಸು 18. ಸೇನೆಯ ಫೋಟೊಗ್ರಾಫರ್ ಚಾರ್ಲ್ಸ್ ಟರ್ನ್‌ಬುಲ್ ಅವನ ಪಕ್ಕದಲ್ಲಿದ್ದರು. ಬಜೂಕಾ ಹಾರಿದಾಗ ಹಿಂದಿನಿಂದ ಚಿಮ್ಮುವ ಬೆಂಕಿ ಅವರಿಗೆ ಫೋಟೊದಲ್ಲಿ ಬೇಕಿತ್ತು. ಶಾಡ್ರಿಕ್ ಹೊಡೆದ, ಗುರಿ ತಾಗಿತೇ ಎಂದು ತಲೆ ಎತ್ತಿದ. ಉತ್ತರ ಕೊರಿಯಾದ ಟ್ಯಾಂಕಿನ ಮೆಷಿನ್‌ಗನ್ ಅವನನ್ನು ಕೊಂದಿತು. ಆ ಬೆಂಕಿಯಿಂದ ಅಡಗಿದ ಜಾಗ ಶತ್ರುವಿಗೆ ಹೇಗೆ ಗೊತ್ತಾಗುತ್ತದೆ, 2.36 ಇಂಚಿನ ಆ ಹಳೇ ಬಜೂಕಾ ಟಿ-34 ಟ್ಯಾಂಕಿನ ಮುಂದೆ ಯಾಕೆ ಸೋತಿತು ಎಂದು ಸುಬೇದಾರರು ನೆಲದ ಮೇಲೆ ಮಲಗಿ ತೋರಿಸಿದರು. ಈ ವಯಸ್ಸಿನಲ್ಲಿ! ಅವರ ಮನೆಯವರು ನನ್ನನ್ನು ಕ್ಷಮಿಸಬೇಕು.

ಇನ್ನೊಬ್ಬರು 24ನೇ ಡಿವಿಷನ್ನಿನಿಂದ ಮೊದಲು ಮುಂದೆ ಹೋದ ಸಣ್ಣ ತುಕಡಿಯಾದ ಸ್ಮಿತ್ ದಳದ ಸೈನಿಕರೊಬ್ಬರ ಮಗಳು. ಶಾಡ್ರಿಕ್‌ನನ್ನು ಆ ಯುದ್ಧದಲ್ಲಿ ಸತ್ತ ಮೊದಲ ಅಮೆರಿಕನ್ ಸೈನಿಕ ಎಂದು ಎಲ್ಲೆಡೆ ಬರೆದಿರುತ್ತಾರೆ. ಅವನು ಸತ್ತದ್ದು ಸಂಜೆ 4ರ ಸುಮಾರಿಗೆ, ದಕ್ಷಿಣ ಕೊರಿಯಾದ ಓಸಾನ್ ಊರಿಗಿಂತ ದಕ್ಷಿಣದ ಸೋಜೋಂಗ್ ಬಳಿ. ಅದೇ ಬೆಳಿಗ್ಗೆ ಓಸಾನ್‌ನ ಉತ್ತರಕ್ಕೆ, ಮಳೆಯಲ್ಲಿ, ಸ್ಮಿತ್ ದಳದ ಸುಮಾರು 540 ಜನ ಟ್ಯಾಂಕುಗಳನ್ನು ತಡೆಯಲು ನಿಂತಿದ್ದರು. ಅಲ್ಲಿ ಆಗಲೇ ಸಾವುಗಳಾಗಿದ್ದವು. ಹಿಮ್ಮೆಟ್ಟುವ ಗಡಿಬಿಡಿಯಲ್ಲಿ ಶವಗಳೂ ಅಲ್ಲೇ ಉಳಿದವು, ಸುದ್ದಿಯೂ ಅಲ್ಲೇ ಉಳಿಯಿತು. ಕ್ಯಾಮೆರಾ ಇದ್ದ ಕಡೆಯ ಸಾವು ಮೊದಲನೆಯದಾಯಿತು. ನೀವು ತಂದೆಯವರ ಕಾಗದಗಳನ್ನು ನಂಬಿ ಕೊಟ್ಟಿರಿ ಮೇಡಂ. ಶಾಡ್ರಿಕ್ ಬಗ್ಗೆ ಒಂದೇ ಒಂದು ಕಹಿ ಮಾತಾಡಲಿಲ್ಲ. ಬೆಳಗಿನ ಆ ಹುಡುಗರಿಗೂ ಒಂದು ಅಧ್ಯಾಯ ಬೇಕು ಎಂದಷ್ಟೇ ಕೇಳಿದಿರಿ. ಅದು ಪುಸ್ತಕದ ಎರಡನೇ ಅಧ್ಯಾಯವಾಗಿದೆ. ಫೋಟೊ ಕಡಿಮೆ, ಬರಹ ಜಾಸ್ತಿ.

ಕ್ಯಾಪ್ಷನ್ ಬದಲಾದಾಗಲೆಲ್ಲ ಗೊಣಗದೆ ಪುಟ ತಿದ್ದಿದ ವಿನ್ಯಾಸಗಾರರಿಗೆ, ಊಟದ ಹೊತ್ತಲ್ಲೂ ಟ್ಯಾಂಕಿನ ಕತೆ ಕೇಳಿದ ಮನೆಯವರಿಗೆ ಧನ್ಯವಾದ. ಪ್ರತಿಗಳು ಬಂದ ಕೂಡಲೇ ನೆರವಾದ ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತೇನೆ. ವಿಳಾಸ ಬದಲಾಗಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ.